ಬಿಲ್ಲಿಲ್ಲದ ಅಡಿಕೆ ಯಾರ ಲಾಭಕ್ಕೆ?

ಕೊಯ್ಲು ಮುಗಿದು ಅಡಿಕೆ ಚೀಲ ಸೇರುವ ಹೊತ್ತಿಗೆ ವ್ಯಾಪಾರಿ ಅಂಗಳಕ್ಕೆ ಬರುತ್ತಾನೆ. "ಬಿಲ್ಲು ಬೇಡ ಅಂದ್ರೆ ಕ್ವಿಂಟಾಲಿಗೆ ಐನೂರು ಹೆಚ್ಚು ಹಾಕ್ತೀನಿ ಗೌಡ್ರೇ" ಎನ್ನುತ್ತಾನೆ. ಆಳುಗಳ ಬಟವಾಡೆ, ಮಕ್ಕಳ ಫೀಸು, ಸಂಘದ ಸಾಲದ ಕಂತು ಒಟ್ಟಿಗೆ ಎದುರು ನಿಂತಿರುವಾಗ ಆ ಐನೂರು ಸಣ್ಣದಲ್ಲ. ಒಂದು ವರ್ಷ ನಾನೂ ಹಾಗೆ ಕೊಟ್ಟವನೇ. ಆದುದರಿಂದ ಸದಸ್ಯ ಬಂಧುಗಳು ಇದನ್ನು ಉಪದೇಶವೆಂದು ಎಣಿಸಬಾರದು.

2017ರ ಜುಲೈಯಿಂದ ಒಣ ಅಡಿಕೆಗೆ ಶೇಕಡಾ 5ರ ಜಿ.ಎಸ್.ಟಿ. ಇದೆ. ಸ್ವಂತ ತೋಟದ ಬೆಳೆಯನ್ನಷ್ಟೇ ಮಾರುವ ರೈತ ಅದಕ್ಕೆ ನೋಂದಾಯಿಸಿಕೊಳ್ಳಬೇಕಾಗಿಲ್ಲ, ಕಟ್ಟಬೇಕಾದದ್ದೂ ಇಲ್ಲ. ತೆರಿಗೆ ಶುರುವಾಗುವುದು ವ್ಯಾಪಾರಿಯ ಕೈಯಿಂದ. ಕ್ವಿಂಟಾಲಿಗೆ 40,000 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆ 2,000. ಅದರಲ್ಲಿ ನಮಗೆ ಐನೂರು. ಮಿಕ್ಕದ್ದು ಮುಂದಿನವರ ಪಾಲು. ಅಷ್ಟಕ್ಕೇ ನಿಲ್ಲುವುದಿಲ್ಲ. ಲೆಕ್ಕವಿಲ್ಲದ ಅಡಿಕೆಯಿಂದಲೇ ಲೆಕ್ಕವಿಲ್ಲದ ಪಾನ್ ಮಸಾಲ ತಯಾರಾಗುವುದು. ಅದರ ಮೇಲಿನ ತೆರಿಗೆಯೋ ಅಡಿಕೆಯದರ ಎಷ್ಟೋ ಪಟ್ಟು.

ಬಿಲ್ಲು ಮಾಡಿಸಿದರೆ ಇನ್‌ಕಂ ಟ್ಯಾಕ್ಸಿನವರು ಬಂದಾರೆಂಬ ಭಯ ಹಲವರಿಗಿದೆ. ತೋಟದ ಅಡಿಕೆಯನ್ನು ಮನೆಯಲ್ಲೇ ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿ ಆದಾಯವೇ. ಈ ಭಯವನ್ನು ಬೆಳೆಸುವವರು ಯಾರೆಂದು ಸ್ವಲ್ಪ ಯೋಚಿಸಿ.

ಇನ್ನು ನನ್ನ ಮುಖ್ಯ ಮಾತು. ವಿದೇಶಿ ಅಡಿಕೆ ನಮ್ಮ ಧಾರಣೆ ಕೆಡಿಸದಿರಲೆಂದು ಬೆಳೆಗಾರರ ಸಂಘಗಳು ಒತ್ತಾಯಿಸಿದ ಮೇಲೆ, 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೆ ಬರ್ಮಾ ಗಡಿಯಿಂದ ಕದ್ದು ಬರುವ ಮಾಲಿಗೆ ಈ ಬೇಲಿ ಎಲ್ಲಿಯದು? ಆ ಮಾಲಿಗೂ ಬಿಲ್ಲಿಲ್ಲ, ನಮ್ಮದಕ್ಕೂ ಬಿಲ್ಲಿಲ್ಲ. ಎರಡೂ ಒಂದೇ ಗೋದಾಮಿಗೆ ಬಿದ್ದ ಮೇಲೆ ಯಾವುದು ಕಳಸದ್ದು, ಯಾವುದು ಹೊರಗಿನದ್ದು ಎಂದು ಹೇಳುವವರು ಯಾರು? ನಾವು ಐನೂರಕ್ಕೆ ತೆರೆದಿಟ್ಟ ಹಿಂಬಾಗಿಲಿನಲ್ಲೇ ಕಳ್ಳ ಅಡಿಕೆಯೂ ಒಳಗೆ ನುಗ್ಗುತ್ತದೆ. ಮರುವರ್ಷ ಧಾರಣೆ ಕುಸಿದಾಗ ದೆಹಲಿಯನ್ನು ಬೈಯುತ್ತೇವೆ.

ನಮ್ಮ ಅಡಿಕೆ ಉತ್ತರ ಭಾರತಕ್ಕೆ ಹೋದರೆ ರಾಜ್ಯದ ಪಾಲಿನ ತೆರಿಗೆಯೂ ಮಾಲು ಬಳಕೆಯಾಗುವ ರಾಜ್ಯಕ್ಕೇ ಹೋಗುತ್ತದಲ್ಲ, ಮೂಡಿಗೆರೆಗೆ ಏನು ಬಂತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಂದ್ರದ ಪಾಲು ಉಳಿಯಿತಲ್ಲ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದಾಗ ಮಂಗಳೂರಿಗೆ ಸುತ್ತಿ ಬಳಸಿ ಹೋಗಿ ಬಂದವರಿಗೆ ರಾಷ್ಟ್ರೀಯ ಹೆದ್ದಾರಿಯ ಬೆಲೆ ಗೊತ್ತು. ದೇಶದ ಆದಾಯ ಬೆಳೆಯಬೇಕಾದರೆ ಮಾಲು ಓಡಾಡಬೇಕು. ಮಾಲು ಓಡಾಡಲು ಇಂಥ ರಸ್ತೆ ನಿಲ್ಲಬೇಕು. ಲೆಕ್ಕಕ್ಕೆ ಸಿಗದ ವ್ಯಾಪಾರದಿಂದ ಆದ ಕೊರತೆಯನ್ನು ಸರಕಾರ ಸಾಲದಿಂದ ತುಂಬಿಸುತ್ತದೆ, ಇಲ್ಲವೇ ತಪ್ಪಿಸಿಕೊಳ್ಳಲಾಗದವರ ಮೇಲೆ ಹೊರಿಸುತ್ತದೆ. ನಮ್ಮ ಲೈನಿನ ಕೂಲಿಯವಳು ಸೋಪು ಕೊಂಡರೂ ತೆರಿಗೆ ಕೊಟ್ಟೇ ಕೊಳ್ಳುತ್ತಾಳೆ.

ಸರಕಾರದ ಮೇಲೂ ದೂರಿದೆ. ಗೊಬ್ಬರಕ್ಕೆ ನಾವು ತೆರುವ ಶೇಕಡಾ 5 ನೋಂದಣಿಯಿಲ್ಲದ ರೈತನಿಗೆ ಹಿಂದಿರುಗುವುದಿಲ್ಲ. ಇದನ್ನು ಸಂಘಗಳು ಬಿಡದೆ ಕೇಳಬೇಕು. ಸಂಘದ ಮೇಲೂ ಒಂದಿದೆ: ವ್ಯಾಪಾರಿ ಅಂಗಳದಲ್ಲೇ ನೋಟು ಎಣಿಸುವಾಗ, ನಾವು ಮಾಲು ಸಾಗಿಸಿ, ಟೆಂಡರು ಕಾದು, ಹಣಕ್ಕೆ ಮತ್ತೆ ಕಾಯುವುದೆಂದರೆ ಸಣ್ಣ ಹಿಡುವಳಿದಾರನಿಗೆ ಕಷ್ಟ. ಐದು ಕ್ವಿಂಟಾಲಿನೊಳಗೆ ತಂದವರಿಗೆ ತೂಕವಾದ ದಿನವೇ ಮುಕ್ಕಾಲು ಪಾಲು ಮುಂಗಡವನ್ನು ಖಾತೆಗೆ ಹಾಕುವ ಏರ್ಪಾಡನ್ನು ಆಡಳಿತ ಮಂಡಳಿಯು ಬರುವ ಮಹಾಸಭೆಯ ಮುಂದಿಡಬೇಕೆಂದು ಕೋರುತ್ತೇನೆ.