ನಗಿಸುವವನ ಕೂಲಿ

ಗುಂಜಿ ಸ್ಟೇಶನ್ನಿನಲ್ಲಿ ಲೋಂಡಾ ಗಾಡಿಗೆ ಕಾಯುವಾಗ ಒಬ್ಬ ಹುಡುಗನ ಅಂಗಿಯ ಮೇಲೆ ಹಳದಿ ಬೊಂಬೆ ಕಂಡೆ. ಅದು ಮಿನಿಯನ್. 2010ರ ‘ಡೆಸ್ಪಿಕಬಲ್ ಮಿ’ ಎಂಬ ಅನಿಮೇಶನ್ ಸಿನೆಮಾದಲ್ಲಿ ಖಳ ಧಣಿಯೊಬ್ಬನ ಆಳುಗಳಾಗಿ ಇವು ಹುಟ್ಟಿದವು. ಮೈಮೇಲೆ ನೀಲಿ ಕೆಲಸದ ಉಡುಪು. ನಿರ್ದೇಶಕ ಪಿಯರ್ ಕಾಫಿನ್ ಹಲವು ಭಾಷೆಗಳ ಚೂರು ಸೇರಿಸಿ ತಾನೇ ಅವುಗಳ ತೊದಲು ನುಡಿದ. ಜನ ಧಣಿಗಿಂತ ಆಳುಗಳನ್ನೇ ಮೆಚ್ಚಿದರು. 2015ರಲ್ಲಿ ಅವುಗಳದೇ ಸಿನೆಮಾ ಬಂದು 100 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು.

ಬಂಧುಗಳೇ, ಇಂಥ ಹಾಸ್ಯಗಾರ ನಮಗೆ ಹೊಸಬನಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನನ್ನು ನೆನೆಯಿರಿ. ದೀಪದ ಪರದೆಯ ಮೇಲೆ ರಾಮ ರಾವಣರ ನಡುವೆ ನುಗ್ಗಿ, ಹೆಂಡತಿ ಬಂಗಾರಕ್ಕನೊಡನೆ ಊರ ಮಾತಿನಲ್ಲೇ ಜಗಳ ತೆಗೆಯುತ್ತಾನೆ. ಮಿನಿಯನ್ ಧಣಿಗಾಗಿ ಕುಣಿಯುತ್ತದೆ. ಕಿಳ್ಳೇಕ್ಯಾತ ಪರದೆಯ ಮುಂದೆ ಕುಳಿತ ಬಡವನ ನಾಲಿಗೆಯಿಂದ ಮಾತಾಡುತ್ತಾನೆ.

ಅವನನ್ನು ಆಡಿಸಿದವರಿಗೆ ಸಿಕ್ಕಿದ್ದೇನು? ಬೊಂಬೆಗೂ ಆ ಸಮುದಾಯಕ್ಕೂ ಒಂದೇ ಹೆಸರು. ಸಿನೆಮಾ ಬಂದ ಮೇಲೆ ಆಟ ಕುಗ್ಗಿತು. ಹಲವರು ಮೀನು ಹಿಡಿದು ಹೊಟ್ಟೆ ಹೊರೆದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಆಕೆಗೆ 96 ವರ್ಷ! ಸನ್ಮಾನ ಸಂತೋಷವೇ. ಆದರೆ ಒಲೆ ಹೊತ್ತಿಸಲು ಶಾಲು ಸಾಲದು.

ನಗಿಸುವುದೂ ದುಡಿಮೆ. ಮಗ್ಗದ ಮುಂದೆ ನಿಂತವನಿಗೂ ತಕ್ಕಡಿ ಹಿಡಿದವನಿಗೂ ದುಡಿಮೆಯ ಬೆಲೆ ಗೊತ್ತು. ಬರುವ ಜಾತ್ರೆಗೆ ಒಂದು ಗೊಂಬೆ ಮೇಳವನ್ನು ಕರೆಸೋಣ. ತಟ್ಟೆಕಾಸು ಬೇಡ, ಮೊದಲೇ ಮಾತಾಡಿದ ಕೂಲಿಯನ್ನು ಪೂರ್ತಿ ಕೊಡೋಣ.