ಪಂಪು ಬಿಚ್ಚುವ ಮೊದಲು ವೈರು ನೋಡಿ

ಹಳೆ ಡೀಸೆಲ್ ಪಿಕಪ್‌ನಲ್ಲಿ ಸ್ಟಾರ್ಟರ್ ತಿರುಗಿದರೂ ಇಂಜಿನ್ ಹಿಡಿಯದಿದ್ದರೆ ನಮ್ಮ ಕಡೆ ಮೆಕ್ಯಾನಿಕ್‌ಗಳದು ಒಂದೇ ಮಾತು: 'ಪಂಪು ಹೋಗಿದೆ, ಬಿಚ್ಚಿ ಪೇಟೆಗೆ ಕಳಿಸಬೇಕು.' ಶೇಂಗಾ ಚೀಲ ಹೇರಿಕೊಂಡು ನಿಂತ ರೈತ ಹೂಂ ಅಂತಾನೆ. ಇದು ಸರಿಯಲ್ಲ ಅಂತ ನನ್ನ ವಾದ.

ಇಂಥ ಹಲವು ಗಾಡಿಗಳ ಡೀಸೆಲ್ ಪಂಪಿನ ಮೇಲೆ ಒಂದು ಸಣ್ಣ ಸೊಲೆನಾಯ್ಡ್ ಇರುತ್ತದೆ. ಕೀ ತಿರುಗಿಸಿದಾಗ ಅದಕ್ಕೆ ಕರೆಂಟು ಬಂದು ಒಳಗಿನ ದಾರಿ ತೆರೆದರೆ ಮಾತ್ರ ಡೀಸೆಲ್ ಹೋಗುತ್ತದೆ. ಧೂಳು, ತೇವ, ಅಲುಗಾಟಕ್ಕೆ ವೈರಿನ ತುದಿ ಕಿಲುಬು ಹಿಡಿದರೆ ಪಂಪು ಗಟ್ಟಿಯಿದ್ದರೂ ಗಾಡಿ ಏಳದು. (ಎಳೆದು ನಿಲ್ಲಿಸುವ ಕೇಬಲ್ಲಿನ ಗಾಡಿಗಳ ಮಾತು ಬೇರೆ.)

ನೋಡೋದಕ್ಕೆ ಐದು ನಿಮಿಷ ಸಾಕು. ಕೀ ಆನ್ ಮಾಡಿ, ಆ ವೈರನ್ನು ತೆಗೆದು ಮತ್ತೆ ಮುಟ್ಟಿಸಿ. 'ಟಕ್' ಅನ್ನಬೇಕು. ಅನ್ನದಿದ್ದರೆ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ವೈರಿನ ತುದಿಗೂ ಇಂಜಿನ್ನಿನ ಮೈಗೂ ಹಿಡಿಯಿರಿ. ಚಿಕ್ಕ ಟೆಸ್ಟರನ್ನು ನಂಬಬೇಡಿ. ವೈರಿನ ಒಂದೇ ಎಳೆ ಉಳಿದಿದ್ದರೂ ಅದು ಉರಿದು ಮೋಸ ಮಾಡುತ್ತೆ. ಬಲ್ಬು ಮಂಕಾದರೆ ಅಥವಾ ಉರಿಯದಿದ್ದರೆ ದೋಷ ವೈರಿನಲ್ಲೋ ಫ್ಯೂಸಿನಲ್ಲೋ ಕೀ ಸ್ವಿಚ್ಚಿನಲ್ಲೋ ಇರುತ್ತದೆ. ಚೆನ್ನಾಗಿ ಉರಿದೂ 'ಟಕ್' ಇಲ್ಲದಿದ್ದರೆ ಸೊಲೆನಾಯ್ಡನ್ನು ಸಂಶಯಿಸಿ. ಅದೊಂದನ್ನೇ ಬಿಚ್ಚಿ ಬದಲಿಸಬಹುದು. 'ಟಕ್' ಬಂದರೆ ಫಿಲ್ಟರು, ಲೈನಿನ ಗಾಳಿ ನೋಡಿ. ಪಂಪಿನ ಸರದಿ ಕೊನೆಗೆ. ಇಷ್ಟನ್ನು ಎದುರಿಗೇ ತೋರಿಸು ಅಂತ ಮೆಕ್ಯಾನಿಕ್‌ನನ್ನು ಕೇಳೋದಕ್ಕೆ ನಾವು ಯಾಕೆ ಸಂಕೋಚ ಪಡಬೇಕು?

ರಿಪೇರಿಗೆ ಮುಂಚೆ ಬ್ಯಾಟರಿ ತಂತಿ ಕಳಚಿ. ಕಪ್ಪಾದ ತಾಮ್ರವನ್ನು ಹೊಳಪು ಕಾಣುವವರೆಗೆ ಕತ್ತರಿಸಿ, ಹೊಸ ಲಗ್ ಒತ್ತಿ, ವ್ಯಾಸಲಿನ್ ಸವರಿ. ಹೊಸೆದು ಟೇಪು ಸುತ್ತಿದರೆ ಇಂಜಿನ್ ಕಾವಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿಯನ್ನಂತೂ ಹಾಕಬೇಡಿ, ವೈರೆಲ್ಲ ಸುಟ್ಟೀತು.