ಹರಳು ಜೇಬಿನಲ್ಲಿ, ಬೀಜ ಚಕ್ರದಲ್ಲಿ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಈಸ್ಟರ್ ಹಬ್ಬಕ್ಕೆ ಶುಕ್ರವಾರದಿಂದ ಸೋಮವಾರದವರೆಗೆ ಸತತ ನಾಲ್ಕು ದಿನ ರಜೆ. ಆ ರಜೆ ಬಂತೆಂದರೆ ಅಲ್ಲಿನ ಫೋರ್‌ವೀಲ್ ಡ್ರೈವ್ ಕ್ಲಬ್‌ಗಳ ವಾಹನಗಳು ಸಾಲುಗಟ್ಟಿ ಒಳನಾಡಿನತ್ತ ಹೊರಡುತ್ತವೆ. ಕರಾವಳಿಯ ಬ್ರಿಸ್ಬೇನ್ ನಗರದಿಂದ ಸುಮಾರು 900 ಕಿ.ಮೀ. ದೂರದ ಎಮರಾಲ್ಡ್ ಪಟ್ಟಣವನ್ನು ದಾಟಿದರೆ ಅನಾಕಿ, ಸಫೈರ್, ರೂಬಿವೇಲ್, ವಿಲೋಸ್ ಎಂಬ ಸಣ್ಣ ಊರುಗಳು ಸಿಗುತ್ತವೆ. ಆ ಸೀಮೆಯನ್ನು ಜನ ಕರೆಯುವುದೇ ಹರಳಿನ ಸೀಮೆಯೆಂದು. ಡೇರೆ, ನೀರಿನ ಡ್ರಮ್ಮು, ಜರಡಿ, ಪಿಕಾಸಿಗಳೊಡನೆ ಹೆಂಡಿರು ಮಕ್ಕಳ ಸಮೇತ ಬಂದವರು ಹಗಲು ನೀಲಮಣಿ ಹುಡುಕುತ್ತಾರೆ, ಇರುಳು ಬೆಂಕಿಯ ಸುತ್ತ ಕುಳಿತು ಹರಟುತ್ತಾರೆ. ಈ ಹವ್ಯಾಸಕ್ಕೆ ಅಲ್ಲಿನವರು ‘ಫಾಸಿಕಿಂಗ್’ ಎನ್ನುತ್ತಾರೆ.

ಸಾವಿರಾರು ಮೈಲಿ ದೂರದ ಈ ರಜೆಯ ಸಂಭ್ರಮಕ್ಕೂ ಮಲೆನಾಡಿನ ಹಳ್ಳಿಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧ ಎರಡು ಬಗೆಯದು. ನೆಲವನ್ನು ಮುಟ್ಟುವ ಕೈಗೆ ಮಿತಿ ಹಾಕುವುದು ಹೇಗೆಂದು ಆ ಸೀಮೆಯ ಕಾನೂನು ತೋರಿಸಿಕೊಟ್ಟಿದೆ. ಕೈಗೆ ಹಾಕಿದ ಮಿತಿ ಚಕ್ರಕ್ಕೆ ತಾಗದಿದ್ದರೆ ಏನಾಗುತ್ತದೆಂಬುದನ್ನು ಅದೇ ಸೀಮೆಯ ಒಂದು ಕಳೆ ತೋರಿಸುತ್ತಿದೆ. ಆ ಕಳೆ ಕನ್ನಡ ನಾಡಿಗೆ ಚಿರಪರಿಚಿತ.

ಕೋಟ್ಯಂತರ ವರ್ಷಗಳ ಹಿಂದೆ ಆ ಭಾಗದಲ್ಲಿ ಉಕ್ಕಿದ ಲಾವಾ, ನೆಲದಾಳದ ನೀಲಮಣಿಗಳನ್ನು ಮೇಲಕ್ಕೆ ಹೊತ್ತು ತಂದಿತು. ಕಾಲಾಂತರದಲ್ಲಿ ಬಂಡೆ ಕರಗಿತು, ಗಟ್ಟಿಯಾದ ಹರಳು ಮಾತ್ರ ಉಳಿದು ಹಳೆಯ ಹಳ್ಳಗಳ ಉರುಟು ಕಲ್ಲಿನ ಪದರದಲ್ಲಿ ಸೇರಿಕೊಂಡಿತು. ಹವ್ಯಾಸಿಗಳು ಅಗೆಯುವುದು ಈ ಪದರವನ್ನೇ. ಅಗೆದ ಮಣ್ಣನ್ನು ಜರಡಿಗೆ ಹಾಕಿ ನೀರಿನಲ್ಲಿ ಆಡಿಸುತ್ತಾರೆ. ಸಾಮಾನ್ಯ ಬೆಣಚುಕಲ್ಲು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೀಲಮಣಿ ನಾಲ್ಕು ಪಟ್ಟು. ಹೀಗಾಗಿ ಅದು ಜರಡಿಯ ತಳದ ನಡುವಿಗೆ ಇಳಿಯುತ್ತದೆ. ಜರಡಿಯನ್ನು ಬೋರಲು ಹಾಕಿದಾಗ ಗುಪ್ಪೆಯ ಮೇಲೆ ಬಿಸಿಲಿಗೆ ನೀಲಿಯೋ ಹಸಿರೋ ಹಳದಿಯೋ ಮಿನುಗಿದರೆ ಅಂದಿನ ದುಡಿಮೆ ಸಾರ್ಥಕ. ಮೊರದಲ್ಲಿ ಕೇರಿ ಕಲ್ಲು ಬೇರ್ಪಡಿಸುವ ರೈತ ಮಹಿಳೆಗೆ ಈ ವಿದ್ಯೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಸೆ ಹುಟ್ಟಿಸುವ ಕಥೆಗಳೂ ಅಲ್ಲಿ ಬೇಕಾದಷ್ಟಿವೆ. 1930ರ ದಶಕದಲ್ಲಿ ಬಾಲಕನೊಬ್ಬನಿಗೆ ಸಿಕ್ಕ ಕಪ್ಪು ಕಲ್ಲು ಅವನ ಮನೆಯಲ್ಲಿ ವರ್ಷಗಟ್ಟಲೆ ಬಾಗಿಲಿಗೆ ಒತ್ತಾಗಿ ಬಿದ್ದಿತ್ತು. 1947ರಲ್ಲಿ ಅಮೆರಿಕದ ರತ್ನವ್ಯಾಪಾರಿಯೊಬ್ಬರು ಅದನ್ನು ಕೊಂಡು ಸಾಣೆ ಹಿಡಿಸಿದಾಗ 733 ಕ್ಯಾರೆಟ್ ತೂಕದ ‘ಬ್ಲ್ಯಾಕ್ ಸ್ಟಾರ್ ಆಫ್ ಕ್ವೀನ್ಸ್‌ಲ್ಯಾಂಡ್’ ಎಂಬ ನಕ್ಷತ್ರ ನೀಲಮಣಿ ಹೊರಬಂತು. ಇಂಥ ಕಥೆ ಕೇಳಿದವನು ಪಿಕಾಸಿ ಹಿಡಿಯದೆ ಇರುವನೆ? 1970ರ ದಶಕದಲ್ಲಿ ಬೆಲೆ ಏರಿ ಥಾಯ್ಲೆಂಡಿನ ವರ್ತಕರು ಬಂದಾಗ ಪಿಕಾಸಿಯ ಜಾಗಕ್ಕೆ ದೈತ್ಯ ಯಂತ್ರಗಳು ಬಂದವು. ಕೈ ಹತ್ತಾರು ದಿನ ಅಗೆಯುವುದನ್ನು ಯಂತ್ರ ಒಂದೇ ದಿನದಲ್ಲಿ ಬಗೆದು ಹಾಕಿತು.

ಯಂತ್ರಕ್ಕೂ ಹವ್ಯಾಸಕ್ಕೂ ನಡುವೆ ಗೆರೆ ಎಳೆದದ್ದು ಆ ರಾಜ್ಯದ 1994ರ ಫಾಸಿಕಿಂಗ್ ಕಾಯಿದೆ. ಅದರ ಪ್ರಕಾರ ಹರಳು ಹುಡುಕುವವರು ಪರವಾನಗಿ ಪಡೆಯಬೇಕು. ಒಬ್ಬರಿಗೆ, ಕುಟುಂಬಕ್ಕೆ, ಕ್ಲಬ್‌ಗೆ ಬೇರೆ ಬೇರೆ ಪರವಾನಗಿಗಳಿವೆ. ಸಲಿಕೆ, ಪಿಕಾಸಿ, ಸುತ್ತಿಗೆ, ಜರಡಿಯಂಥ ಕೈ ಸಲಕರಣೆಗಳಿಗಷ್ಟೇ ಅವಕಾಶ, ಯಂತ್ರ ಮತ್ತು ಸ್ಫೋಟಕಗಳಿಗಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಅಗೆಯುವಂತಿಲ್ಲ. ಹವ್ಯಾಸಿಗಳಿಗಾಗಿ ಗುರುತಿಸಿಟ್ಟ ಜಾಗಗಳ ಹೊರಗೆ ಅಗೆಯಬೇಕಾದರೆ ನೆಲದ ಒಡೆಯನ ಲಿಖಿತ ಒಪ್ಪಿಗೆ ಬೇಕು. ಅದನ್ನು ವ್ಯಾಪಾರವಾಗಿ ನಡೆಸುವಂತಿಲ್ಲ. ಈ ಕಾಯಿದೆಯ ಜಾಣ್ಮೆ ಇರುವುದು ಅದರ ಅಳತೆಗೋಲಿನಲ್ಲಿ. ಮನುಷ್ಯನ ತೋಳು ಸೋತಾಗ ಅಗೆತವೂ ನಿಲ್ಲುತ್ತದೆ.

ಆದರೆ ಆ ತೋಳನ್ನು ಹೊತ್ತು ತರುವ ವಾಹನಕ್ಕೆ ಸೋಲೆಂಬುದಿಲ್ಲ. ಹರಳಿನ ಸೀಮೆ ಇರುವ ಮಧ್ಯ ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾದಲ್ಲಿ ಪಾರ್ಥೇನಿಯಂ ಅತಿ ಹೆಚ್ಚು ಹಬ್ಬಿರುವ ಪ್ರದೇಶ. ಕನ್ನಡನಾಡಿನಲ್ಲಿ ಕಾಂಗ್ರೆಸ್ ಗಿಡವೆಂದು ಕುಖ್ಯಾತವಾದ ಅದೇ ಕಳೆ. 1960ರ ಸುಮಾರಿಗೆ ಅಮೆರಿಕದಿಂದ ತರಿಸಿದ ಹುಲ್ಲಿನ ಬೀಜದೊಡನೆ ಅದು ಆ ಭಾಗಕ್ಕೆ ಬಂತು. ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೀಜ ತೀರಾ ಸಣ್ಣದು. ಟೈರಿನ ಕಚ್ಚಿನಲ್ಲಿ, ಮಡ್‌ಗಾರ್ಡಿನ ಕೆಸರಿನಲ್ಲಿ, ಡೇರೆಯ ಮಡಿಕೆಯಲ್ಲಿ ಕುಳಿತು ಸವಾರಿ ಹೊರಡುತ್ತದೆ. ಈಸ್ಟರ್ ಬರುವುದು ಅಲ್ಲಿನ ಮಳೆಗಾಲ ಮುಗಿಯುವ ಹೊತ್ತಿಗೆ, ಹಾದಿಯ ಕೆಸರು ಇನ್ನೂ ಆರದಿರುವಾಗ. ಹವ್ಯಾಸಿ ತಾನು ಒಯ್ದ ಹರಳಿನ ಲೆಕ್ಕವನ್ನು ಬಲ್ಲ, ಒಯ್ದ ಬೀಜದ ಲೆಕ್ಕವನ್ನು ಬಲ್ಲವರಿಲ್ಲ.

ಇದನ್ನು ಅರಿತೇ ಆ ರಾಜ್ಯ ಹಲವು ಊರುಗಳಲ್ಲಿ ವಾಹನ ತೊಳೆಯುವ ಕಟ್ಟೆಗಳನ್ನು ಕಟ್ಟಿಸಿದೆ. 2014ರ ಜೈವಿಕ ಸುರಕ್ಷತಾ ಕಾಯಿದೆಯ ಅಡಿಯಲ್ಲಿ ಪಾರ್ಥೇನಿಯಂ ಹರಡುವುದು ಅಪರಾಧ. ಹೊಣೆಯರಿತ ಕ್ಲಬ್‌ಗಳು ಮನೆ ಸೇರುವ ಮುನ್ನ ವಾಹನ ತೊಳೆಯುತ್ತವೆ. ಹುಲ್ಲುಗಾವಲು ಹಾಳಾದಾಗ, ದನಗಳು ಸೊರಗಿದಾಗ, ಮೈ ಕೆರೆತ ಮತ್ತು ಉಬ್ಬಸ ಬಂದಾಗ ನಷ್ಟ ಆಗುವುದು ಅಲ್ಲೇ ಬಾಳುವವರಿಗೆ, ರಜೆ ಮುಗಿಸಿ ಹೋದವರಿಗಲ್ಲ ಎಂಬುದನ್ನು ಆ ಸೀಮೆಯ ದನಗಾಹಿಗಳು ದಶಕಗಳಿಂದ ಅನುಭವಿಸಿದ್ದಾರೆ.

ಭಾರತದಲ್ಲಿ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಕ್ವೀನ್ಸ್‌ಲ್ಯಾಂಡ್ 1980ರಲ್ಲಿ ಬಿಟ್ಟರೆ, ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1984ರಲ್ಲಿ ಇಲ್ಲಿ ಬಿಟ್ಟರು. ಎರಡೂ ಕಡೆ ಕೀಟ ಗಿಡವನ್ನು ಒಂದಷ್ಟು ತಗ್ಗಿಸಿತು, ನಿರ್ಮೂಲ ಮಾಡಲಿಲ್ಲ. ದಟ್ಟ ನೆರಳಿನ ಕಾನಿನೊಳಗೆ ಪಾರ್ಥೇನಿಯಂ ಬಾಳದು. ಆದರೆ ಬಿಸಿಲು ಬಿದ್ದ, ಮಣ್ಣು ಕೆದರಿದ ಜಾಗ ಸಿಕ್ಕರೆ ಸಾಕು, ಬಯಲುಸೀಮೆಯಿಂದ ರಸ್ತೆಯಂಚು ಹಿಡಿದು ಬಂದು ಬೇರೂರುತ್ತದೆ. ಅಂಥ ಜಾಗವನ್ನು ಸಿದ್ಧಮಾಡಿಕೊಡುವುದು ಯಾವುದು? ವಾರಾಂತ್ಯಕ್ಕೆ ಪಟ್ಟಣಗಳಿಂದ ಬಂದು ಹುಲ್ಲುಗುಡ್ಡಗಳನ್ನೂ ಹಳ್ಳದ ಪಾತ್ರಗಳನ್ನೂ ಏರಿಳಿಯುವ ಜೀಪುಗಳ ಸಾಲು. ಚಕ್ರ ಕಿತ್ತ ಹುಲ್ಲಿನ ಬೇರು ಒಂದು ಮಳೆಗಾಲದಲ್ಲಿ ಮರಳಿ ಕೂಡಿಕೊಳ್ಳುವುದಿಲ್ಲ. ಆ ಗಾಲಿ ಜಾಡೇ ಆಷಾಢದ ಮಳೆಗೆ ಕಾಲುವೆಯಾಗಿ ಮಣ್ಣನ್ನು ಕೆಳಗಿನ ಗದ್ದೆಗೆ ಇಳಿಸುತ್ತದೆ.

ಹರಳಿನ ಮೋಹವೂ ಈ ನೆಲಕ್ಕೆ ಹೊಸದಲ್ಲ. ಪುಷ್ಪಗಿರಿ ತಪ್ಪಲಿನ ಕಡಮಕಲ್ಲು, ಕೂಜಿಮಲೆ ಭಾಗದ ಕಾಡುಗಳಲ್ಲಿ ಹರಳುಕಲ್ಲಿನ ಅಕ್ರಮ ಅಗೆತ ಹಲವು ಬಾರಿ ಸುದ್ದಿಯಾಗಿದೆ. ಪುಷ್ಪಗಿರಿ ಅಭಯಾರಣ್ಯವಾದರೋ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲೊಂದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಹೇಗೆ ಜಾರಿದವೆಂಬುದನ್ನು ಕಂಡವರಿಗೆ, ಇಳಿಜಾರಿನಲ್ಲಿ ತೋಡಿ ಮುಚ್ಚದೆ ಬಿಟ್ಟ ಗುಂಡಿಯಲ್ಲಿ ನೀರು ನಿಂತರೆ ಏನು ಅಪಾಯವೆಂದು ಹೇಳಬೇಕಿಲ್ಲ. ಇಲ್ಲಿ ಹವ್ಯಾಸಿಗೆಂದು ಪರವಾನಗಿಯಿಲ್ಲ. 1957ರ ಗಣಿ ಮತ್ತು ಖನಿಜ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಖನಿಜ ಶೋಧವೂ ಸಲ್ಲ, ಗಣಿಗಾರಿಕೆಯೂ ಸಲ್ಲ. ಮೀಸಲು ಅರಣ್ಯದಲ್ಲಿ ಅಕ್ರಮ ಪ್ರವೇಶವನ್ನೂ ಕಲ್ಲು ತೆಗೆಯುವುದನ್ನೂ 1963ರ ಕರ್ನಾಟಕ ಅರಣ್ಯ ಕಾಯಿದೆ ನಿಷೇಧಿಸಿದೆ. ಕಾಯಿದೆಯ ಕೊರತೆ ಇಲ್ಲಿಲ್ಲ, ಕಣ್ಗಾವಲಿನ ಕೊರತೆಯಿದೆ. ಮೋಜಿಗಾಗಿ ತೆರೆದ ಹಾದಿ ಮೋಜುಗಾರನಿಗೆ ಮಾತ್ರ ಉಳಿಯುವುದಿಲ್ಲ. ಕಾಡಿನ ಅಂಚಿನಲ್ಲಿ ಜೀಪು ಇಳಿಯುವ ದಾರಿಯಾದರೆ ಕಲ್ಲು ಅಗೆಯುವವನಿಗೂ, ಮರ ಕಡಿಯುವವನಿಗೂ, ಬೇಟೆಗಾರನಿಗೂ ಅದೇ ದಾರಿ.

ಹೊರಗಿನವರು ಬರಲೇಬಾರದೆಂಬುದು ಇಲ್ಲಿನ ವಾದವಲ್ಲ. ಬೆಟ್ಟ ನೋಡುವ ಆಸೆ ಪಾಪವಲ್ಲ, ಕಲ್ಲಿನ ಬಣ್ಣಕ್ಕೆ ಬೆರಗಾಗುವ ಮಗು ನಾಳೆ ಭೂವಿಜ್ಞಾನಿಯಾದೀತು. ಆದರೆ ಬರುವವರು ರಸ್ತೆಯ ಮೇಲೆ ಬರಲಿ, ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಲಿ, ಹೋಗುವಾಗ ಒಯ್ಯುವುದು ನೋಟವೊಂದೇ ಆಗಿರಲಿ.

ಹಳ್ಳಿಗರು ಮತ್ತು ವಿದ್ಯಾರ್ಥಿಗಳು ಕೂಡಿ ಮಾಡಬಹುದಾದ ಕೆಲಸ ಈ ಮಳೆಗಾಲಕ್ಕೇ ಇದೆ. ಕಾಡಂಚಿನ ಪ್ರತಿ ಗಾಲಿ ಜಾಡನ್ನು ನಡೆದು ನೋಡಿ ಎಲ್ಲಿ ಮಣ್ಣು ಕೊರೆದಿದೆ, ಎಲ್ಲಿ ಪಾರ್ಥೇನಿಯಂ ತಲೆಯೆತ್ತಿದೆ, ಎಲ್ಲಿ ಹೊಸ ಗುಂಡಿಗಳಿವೆ ಎಂದು ದಿನಾಂಕದೊಡನೆ ಬರೆದಿಡಬೇಕು. ಹೂ ಬಿಡುವ ಮುನ್ನವೇ, ಕೈಗೆ ಚೀಲ ಕಟ್ಟಿಕೊಂಡು, ಗಿಡವನ್ನು ಬೇರುಸಮೇತ ಕೀಳಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ರಚನೆಯಾದ ಗ್ರಾಮದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಗೆ ಈ ವಿವರ ಸೇರಬೇಕು. ಕಾಡು, ಜಲಮೂಲಗಳನ್ನು ಕಾಪಾಡುವ ಅಧಿಕಾರವನ್ನು 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಕೊಟ್ಟಿದೆ. ಜೀಪು ಓಟಕ್ಕೆ ಮುನ್ನ ಗ್ರಾಮಸಭೆಯ ಒಪ್ಪಿಗೆ ಕೇಳಬೇಕೆಂಬ ಠರಾವು ಬರೆದು ಅರಣ್ಯ ಇಲಾಖೆಗೂ ಜಿಲ್ಲಾಡಳಿತಕ್ಕೂ ಕಳಿಸಲು ಯಾರ ಅಡ್ಡಿಯೂ ಇಲ್ಲ. ಜಾಡು ಹಳೆಯದಾದಷ್ಟೂ ಅದನ್ನು ರಸ್ತೆಯೆಂದು ವಾದಿಸುವವರು ಹೆಚ್ಚುತ್ತಾರೆ. ಅಷ್ಟರೊಳಗೆ ಠರಾವು ದಾಖಲೆ ಸೇರಬೇಕು.